ಅರವತ್ತೈದನೆಯ ಕುರಿ

ಅದೊಂದು ಮಂಗಳವಾರ. ಬಿಳಿಚೋಡಿನಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಚನ್ನಗಿರಿಗೆ ಇನ್ನೊಂದು. ಆಫೀಸಿನ ಮೆಟ್ಟಿಲು ಹತ್ತುವಾಗ ಸಂಜೆ ನಾಲ್ಕೂವರೆ ಆಗಿತ್ತು. ಆಫೀಸೆಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ನಾವು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಡುವವರು ಎಂದು ಊರಿನಲ್ಲಿ ಅರ್ಧ ಜನಕ್ಕೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮೇಲೆ ಬಂದು ಯೂರಿಯಾ ಕೇಳುತ್ತಿದ್ದರು.

ನಮ್ಮ ಮಾಲೀಕರು ವಿಮಲಕ್ಕ ಮಂಡಕ್ಕಿ ತಿನ್ನುತ್ತ ಕೂತಿದ್ದರು. ಕೀಬೋರ್ಡಿನ ಮೇಲೆ ಪೇಪರ್ ಹಾಸಿ, ಪೇಪರಿನ ಮೇಲೆ ಮಂಡಕ್ಕಿ ಹರವಿ, ಅದರ ಮೇಲಿಂದಲೇ ಟೈಪ್ ಮಾಡುವುದು ಅವರ ರೂಢಿ. ಅಕ್ಷರ ಎಲ್ಲಿದೆ ಎಂದು ಅವರ ಬೆರಳಿಗೆ ಗೊತ್ತಿತ್ತು.

"ಏನು ತಂದ್ರಿ ನಾಗಣ್ಣ?"

"ಒಂದು ಕುರಿ ಹೆಚ್ಚಿಗೆ ತಂದೀನಿ ಅಕ್ಕ."

ವಿಷಯ ಇಷ್ಟು. ಜಗಳೂರು ಕಡೆಯ ಒಂದು ಕುರಿಗಾರರ ಸಂಘಕ್ಕೆ ನಾವು ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಯಾರ ಹಿಂಡಿನಲ್ಲಿ ಎಷ್ಟು ಕುರಿ, ಅವುಗಳ ಬಣ್ಣ ಗುರುತೇನು, ಯಾವಾಗ ಎಷ್ಟಕ್ಕೆ ಲಸಿಕೆ ಹಾಕಿದೆ ಎಂದು ಅದು ನೆನಪಿಡುತ್ತಿತ್ತು. ಬಿಳಿಚೋಡಿನ ಕೆಂಚಪ್ಪನವರ ಹಿಂಡಿನಲ್ಲಿ ಇರುವುದು ಅರವತ್ತನಾಲ್ಕು. ಪ್ರೋಗ್ರಾಂ ಮಾತ್ರ ಅರವತ್ತೈದು ಎನ್ನುತ್ತಿತ್ತು. ಅರವತ್ತನಾಲ್ಕಕ್ಕೂ ಲಸಿಕೆ ಆಗಿದ್ದರೂ ವಾರವಾರವೂ ಅವರ ಫೋನಿಗೆ 'ಒಂದು ಕುರಿ ಬಾಕಿ' ಎಂಬ ಮೆಸೇಜು. ಬಾಕಿ ಇದ್ದರೆ ಸಂಘದಿಂದ ಚೀಟಿ ಸಿಗುವುದಿಲ್ಲ. ಚೀಟಿ ಇಲ್ಲದೆ ಹಿಂಡನ್ನು ಭತ್ತದ ಕೊಯ್ಲಾದ ಗದ್ದೆಗಳ ಕಡೆ ಮೇಯಲು ಹೊಡೆದುಕೊಂಡು ಹೋಗುವಂತಿಲ್ಲ. ಕೊಯ್ಲಿಗೆ ಇನ್ನು ತಿಂಗಳೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಂಘದಲ್ಲಿ ಜನ ಅವರನ್ನು ಕಂಡಾಗಲೆಲ್ಲ, "ಯಾವ ಅಟ್ಟದ ಮ್ಯಾಲೆ ಬಚ್ಚಿಟ್ಟೀಯೋ ಆ ಕುರೀನಾ?" ಎಂದು ಕೇಳಲು ಶುರು ಮಾಡಿದ್ದರು. ಕೆಂಚಪ್ಪ ಕುರಿಯ ವಿಷಯದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ.

ವಿಮಲಕ್ಕ ಕೈ ಒರೆಸಿಕೊಂಡು, ಪೇಪರನ್ನು ಮಂಡಕ್ಕಿ ಸಮೇತ ಪಕ್ಕಕ್ಕೆ ಎತ್ತಿಟ್ಟು, ಏನೋ ಒತ್ತಿದರು. ಪರದೆ ನೋಡಿದರು. ನೋಡಿದವರು ನಗಲು ಶುರು ಮಾಡಿದರು. ನಕ್ಕು ನಕ್ಕು ಮಂಡಕ್ಕಿ ನೆತ್ತಿಗೇರಿ ನಾನು ನೀರು ಕೊಡಬೇಕಾಯಿತು.

"ಏನಾತಕ್ಕ?"

"ಗೊತ್ತಾತು ಬಿಡ್ರಿ."

"ಏನು ಗೊತ್ತಾತು?"

"ಈಗ ಹೇಳಾಕಿಲ್ಲ. ರಮ್ಯಾ ಇವತ್ತು ನ್ಯಾಮತಿಗೆ ಹೋಗ್ಯಾಳೆ. ನಾಳೆ ಅವಳ ಮುಂದೇನೇ ಹೇಳ್ತೀನಿ. ಬೇಗ ಬರ್ರಿ. ಬರೋವಾಗ ಒಂದು ಒಳ್ಳೆ ಅಂಗಿ ಹಾಕ್ಕಂಡು ಬರ್ರಿ."

"ಕುರಿಗೂ ಅಂಗಿಗೂ ಏನಕ್ಕ ಸಂಬಂಧ?"

"ಐತೆ, ಬರ್ರಿ."

ನಾನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ 'ಬಿಳಿಚೋಡು, ಕೆಂಚಪ್ಪ, ಒಂದು ಕುರಿ ಹೆಚ್ಚು' ಎಂದು ಬರೆದು ಮನೆಗೆ ಹೋದೆ.

ಮರುದಿನ ಮಗಳ ಮದುವೆಗೆ ಹೊಲಿಸಿದ ಕೆನೆ ಬಣ್ಣದ ಅಂಗಿ ಹಾಕಿಕೊಂಡು ಎಂಟೂವರೆಗೇ ಬಂದೆ. ನಮ್ಮ ಆಫೀಸಿನ ಹುಡುಗಿ ರಮ್ಯಾ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಬೆಳಗಿನ ಜಾವ ವಿಮಲಕ್ಕನಿಗೆ ಎದೆನೋವು ಬಂದಿತ್ತಂತೆ. ಆಸ್ಪತ್ರೆ ಮುಟ್ಟಲಿಲ್ಲ. ಅದೇ ಅಂಗಿಯಲ್ಲಿ ಹೋಗಿ ಅವರ ಮನೆಯ ಅಂಗಳದಲ್ಲಿ ನಿಂತೆ. ಒಬ್ಬರಿಬ್ಬರು ನನ್ನ ಅಂಗಿಯನ್ನು ನೋಡಿದರು.

ಈಗ ನಾನು ಕೆಲಸ ಬಿಟ್ಟಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಏನಾದರೂ ಬರೆದುಕೊಡಿ ಎಂದು ರಮ್ಯಾ ಒಂದೇ ಸಮ ಕೇಳುತ್ತಿದ್ದಾಳೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗ್. ಒಂದು ಸಾಲೂ ಪ್ರೋಗ್ರಾಂ ಬರೆದವನಲ್ಲ. ಆದರೆ ಇಪ್ಪತ್ತೊಂದು ವರ್ಷ ಬೇರೆಯವರು ಬರೆದಿದ್ದನ್ನು ಕೆಡಿಸಿದ್ದೇನೆ. ಅದರ ಬಗ್ಗೆ ಬರೆಯಬಲ್ಲೆ.

ಮೊದಲು ನಾನು ಟೈಪಿಂಗ್ ಮೇಷ್ಟ್ರು. ಮಿಷನ್ನುಗಳ ಸದ್ದು ಕಡಿಮೆಯಾಗುತ್ತ ಬಂದು ಒಂದು ವರ್ಷ ಮೂರೇ ಜನ ವಿದ್ಯಾರ್ಥಿಗಳು ಉಳಿದರು. ವಿಮಲಕ್ಕ ಆಗಷ್ಟೇ ಕಂಪ್ಯೂಟರ್ ಕಲಿಸುವ ಕೆಲಸ ಬಿಟ್ಟು ಸ್ವಂತ ಆಫೀಸು ಇಟ್ಟಿದ್ದರು. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವರು. ಆದರೂ ಎಲ್ಲರೂ ಅಕ್ಕ ಎನ್ನುತ್ತಿದ್ದರಿಂದ ನಾನೂ ಅಕ್ಕ ಎಂದೆ. ಹೆಸರು, ವಿಳಾಸ ಟೈಪ್ ಮಾಡುವ ಕೆಲಸಕ್ಕೆ ನನ್ನನ್ನು ಕರೆದು, ತಾವೇ ಬರೆದ ಒಂದು ಫಾರಂ ಮುಂದಿಟ್ಟರು. ವಯಸ್ಸು ಎಂದಿದ್ದ ಕಡೆ ನಾನು 'ನಲವತ್ತು' ಎಂದು ಅಕ್ಷರದಲ್ಲಿ ಟೈಪ್ ಮಾಡಿದೆ. ಪರದೆ ಕಲ್ಲಾಯಿತು.

"ಏನು ಮಾಡಿದ್ರಿ?"

"ವಯಸ್ಸು ಬರೆದೆ."

"ಅಂಕಿ ಹಾಕಬೇಕು ಅಂತ ಗೊತ್ತಾಗಲ್ವೇನ್ರಿ?"

"ಎಲ್ಲಿ ಬರೆದೀರಿ ಹಂಗಂತ?"

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ನಾಳೆಯಿಂದ ಬರ್ರಿ. ಟೈಪ್ ಮಾಡಾಕೆ ಬೇಡ. ಹಿಂಗೆ ಕೆಡಸಾಕೆ ಬರ್ರಿ" ಎಂದರು. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆ ಟೆಸ್ಟರ್ ಎನ್ನುತ್ತಾರೆ. ನಾನು ಮನೆಯಲ್ಲಿ ಕೆಡಿಸುವ ಕೆಲಸ ಸಿಕ್ಕಿದೆ ಎಂದೆ. ನನ್ನ ಹೆಂಡತಿ, "ಅದಕ್ಕೂ ಸಂಬಳ ಕೊಡ್ತಾರಾ? ಇಷ್ಟು ದಿನ ಮನೇಲಿ ಪುಕ್ಕಟೆ ಮಾಡ್ತಿದ್ರಲ್ಲ" ಎಂದಳು.

ಆಫೀಸಿನಲ್ಲಿ ಒಂದು ತಪ್ಪಿನ ಪುಸ್ತಕ ಇತ್ತು. ಇನ್ನೂರು ಪುಟದ ಮಾಮೂಲಿ ನೋಟ್‌ಬುಕ್ಕು. ನನಗೆ ಸಿಕ್ಕಿದ ಪ್ರತಿಯೊಂದು ತಪ್ಪನ್ನೂ ಕೆಂಪು ಪೆನ್ನಿನಲ್ಲಿ ಬರೆಯಬೇಕು. ಸರಿಯಾದ ಮೇಲೆ ವಿಮಲಕ್ಕ ಆ ಸಾಲಿನ ಮುಂದೆ ಹಸಿರು ಪೆನ್ನಿನಲ್ಲಿ ಒಂದು ಗುರುತು ಹಾಕುತ್ತಾರೆ. ಹಸಿರು ಬೀಳದೆ ಯಾವ ಪ್ರೋಗ್ರಾಮೂ ಮೆಟ್ಟಿಲಿಳಿಯುವ ಹಾಗಿಲ್ಲ. ಇನ್ನೊಂದು ನಿಯಮ ಅವರೇ ಮಾಡಿದ್ದು. ತಪ್ಪು ಯಾರದೋ ಅವರು ಎದ್ದು ನಿಂತು ಆ ಸಾಲನ್ನು ಗಟ್ಟಿಯಾಗಿ ಓದಬೇಕು. ಬಹುಪಾಲು ಅವರದೇ ತಪ್ಪು, ಹಾಗಾಗಿ ಅವರೇ ನಿಲ್ಲುತ್ತಿದ್ದರು. ಸೆರಗು ಸರಿಮಾಡಿಕೊಂಡು, ಶಾಲೆಯ ಮಗುವಿನ ಹಾಗೆ ಕೈಕಟ್ಟಿ, "ವಯಸ್ಸಿನ ಜಾಗದಲ್ಲಿ ಅಕ್ಷರ ಬರೆದರೆ ಪ್ರೋಗ್ರಾಂ ನಿಲ್ಲುತ್ತದೆ. ಇದು ವಿಮಲಾಳ ತಪ್ಪು" ಎಂದು ಓದಿ ಕೂರುತ್ತಿದ್ದರು. ಕೆಲಸಕ್ಕೆ ಬಂದ ಹೊಸ ಹುಡುಗಿಯರು ಮೊದಲ ದಿನ ಮಾಲೀಕರೇ ಎದ್ದು ನಿಂತಿದ್ದು ಕಂಡು ಗಾಬರಿಯಾಗುತ್ತಿದ್ದರು. ಆಮೇಲೆ ಅವರಿಗೂ ನಿಲ್ಲುವುದು ಕಷ್ಟವಾಗುತ್ತಿರಲಿಲ್ಲ. ತಪ್ಪು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬೆಳೆಯಲೇ ಇಲ್ಲ.

ನಾನು ಮಾತ್ರ ಯಾವತ್ತೂ ನಿಂತವನಲ್ಲ. ನನ್ನದು ತಪ್ಪು ಹುಡುಕುವ ಕೆಲಸ, ಮಾಡುವ ಕೆಲಸವಲ್ಲವಲ್ಲ. ಈ ಮಾತು ಬಂದಾಗಲೆಲ್ಲ ವಿಮಲಕ್ಕ, "ಇರ್ಲಿ, ಒಂದಿನ ನಿಮ್ಮನ್ನೂ ನಿಲ್ಲಿಸ್ತೀನಿ ನೋಡ್ರಿ ನಾಗಣ್ಣ" ಎನ್ನುತ್ತಿದ್ದರು.

"ಆ ದಿನ ಒಳ್ಳೆ ಅಂಗಿ ಹಾಕ್ಕಂಡು ಬರ್ತೀನಿ ಬಿಡ್ರಕ್ಕ" ಎಂದು ನಾನೂ ಜಂಬ ಕೊಚ್ಚುತ್ತಿದ್ದೆ.

ಪರೀಕ್ಷೆ ಮಾಡುವುದಕ್ಕೆ ನನ್ನದೊಂದು ಪದ್ಧತಿ ಇತ್ತು. ಸುಳ್ಳು ಹೆಸರು, ಸುಳ್ಳು ವಸ್ತು ತುಂಬಿ ನೋಡಬೇಕಲ್ಲ, ಆಗ ಬಣ್ಣ ಎಂದಿದ್ದ ಕಡೆ ನೇರಳೆ ಎಂದೇ ಬರೆಯುತ್ತಿದ್ದೆ. ನೇರಳೆ ಮನೆ, ನೇರಳೆ ಟ್ರ್ಯಾಕ್ಟರ್, ನೇರಳೆ ಎಮ್ಮೆ. ನಿಜವಾದ ಪಟ್ಟಿಯಲ್ಲಿ ಆ ಬಣ್ಣ ಬರುವುದು ಅಪರೂಪ. ಹಾಗಾಗಿ ಕೆಲಸ ಮುಗಿದ ಮೇಲೆ ಹುಡುಕಿ ಅಳಿಸುವುದು ಸುಲಭ. ವಿಮಲಕ್ಕ ಇದನ್ನು ಎಲ್ಲರಿಗೂ ಕಲಿಸಿದರು. ನೀವೂ ಕಲಿಯಿರಿ.

ಹೊನ್ನಾಳಿಯ ವಿಷಯ ಹೇಳಬೇಕು. ಅಲ್ಲೊಂದು ಸಣ್ಣ ಆಸ್ಪತ್ರೆಗೆ ಟೋಕನ್ ಪ್ರೋಗ್ರಾಂ ಮಾಡಿದ್ದೆವು. ಬಂದವರಿಗೆ ಒಂದು, ಎರಡು, ಮೂರು ಎಂದು ಚೀಟಿ ಕೊಡುವುದಷ್ಟೇ ಅದರ ಕೆಲಸ. ಬೆಳಿಗ್ಗೆ ಮೂವತ್ತರವರೆಗೆ ಸರಿಯಾಗಿ ಎಣಿಸಿ, ಇದ್ದಕ್ಕಿದ್ದಂತೆ ಮತ್ತೆ ಒಂದರಿಂದ ಶುರು ಮಾಡುತ್ತಿತ್ತು. ಒಂದೇ ನಂಬರಿನ ಇಬ್ಬರು ಡಾಕ್ಟರ ಬಾಗಿಲಲ್ಲಿ ನಿಂತು ಕೈ ಕೈ ಮಿಲಾಯಿಸುವ ತನಕ ಬಂದಿತ್ತು. ಅಲ್ಲಿನ ದೊಡ್ಡ ನರ್ಸು ಫೋನ್ ಮಾಡಿದರು. ವಿಮಲಕ್ಕ ಇಲ್ಲಿ ನೂರು ಚೀಟಿ ತೆಗೆದು ನೋಡಿದರು. ಏನೂ ಆಗಲಿಲ್ಲ.

"ಸಿಸ್ಟರ್, ನಮ್ಮ ಕಂಪ್ಯೂಟರ್‌ನಾಗೆ ಸರಿಯಾಗಿ ಓಡ್ತೈತಲ್ರೀ."

"ಹಂಗಾದ್ರೆ ನಿಮ್ಮ ಕಂಪ್ಯೂಟರನ್ನೇ ತಂದು ಇಲ್ಲಿಡ್ರಿ. ನಮ್ಮದು ನೀವು ತಗಂಡೋಗ್ರಿ."

ನರ್ಸು ಸಿಟ್ಟಿನಲ್ಲಿ ಹೇಳಿದ್ದನ್ನು ವಿಮಲಕ್ಕ ಒಂದು ಉಪಾಯವೆಂದೇ ತೆಗೆದುಕೊಂಡರು. ಕಂಪ್ಯೂಟರಿನ ಡಬ್ಬಿಯನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ನಾವಿಬ್ಬರೂ ಹೊನ್ನಾಳಿ ಬಸ್ಸು ಹತ್ತಿದೆವು. ವಿಮಲಕ್ಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು. ಗುಂಡಿ ಬಂದಾಗಲೆಲ್ಲ, "ನಿಧಾನ ರೀ ಡ್ರೈವರಣ್ಣ" ಎನ್ನುತ್ತಿದ್ದರು. ಪಕ್ಕದ ಸೀಟಿನ ಅಜ್ಜಿ ಹೊದಿಕೆ ನೋಡಿ, "ಎಷ್ಟು ತಿಂಗಳದವ್ವಾ?" ಎಂದರು.

"ಮೂರು ವರ್ಷದ್ದಜ್ಜಿ. ಹುಷಾರಿಲ್ಲ, ಆಸ್ಪತ್ರೆಗೆ ಕರಕಂಡು ಹೊಂಟೀವಿ" ಎಂದರು ವಿಮಲಕ್ಕ, ನಗದೆ.

ಆಸ್ಪತ್ರೆಯಲ್ಲಿ ನಮ್ಮ ಕಂಪ್ಯೂಟರೂ, ಬೆಳಿಗ್ಗೆ ಹತ್ತೂವರೆಗೆ ನಾವು ಚಾ ಕುಡಿದು ಬರುವಷ್ಟರಲ್ಲಿ, ಮತ್ತೆ ಒಂದು ಎಂದಿತು. ನಮ್ಮಿಬ್ಬರ ಮುಖ ಸಪ್ಪಗಾಯಿತು. ಮರುದಿನವೂ ಹೋಗಿ, ಈ ಸಲ ಪರದೆ ನೋಡುವುದು ಬಿಟ್ಟು ಕೋಣೆ ನೋಡುತ್ತ ಕೂತೆವು. ಹತ್ತೂವರೆಗೆ ಅಡಿಗೆಯ ಗೌರಮ್ಮ ಮಿಕ್ಸಿ ಹಿಡಿದು ಬಂದರು. ಕಂಪ್ಯೂಟರಿನ ವಯರು ಕಿತ್ತರು, ಮಿಕ್ಸಿ ಸಿಕ್ಕಿಸಿದರು, ಡಾಕ್ಟರಿಗೆ ಮಜ್ಜಿಗೆ ಮಾಡಿದರು, ಕಂಪ್ಯೂಟರಿನ ವಯರನ್ನು ಇದ್ದ ಹಾಗೆ ಸಿಕ್ಕಿಸಿ ಹೋದರು. ಕಂಪ್ಯೂಟರ್ ಮತ್ತೆ ಎದ್ದಾಗ ಹೊಸ ದಿನ ಶುರುವಾಯಿತೆಂದು ತಿಳಿದು ಒಂದರಿಂದ ಎಣಿಸುತ್ತಿತ್ತು.

ಗೌರಮ್ಮನನ್ನು ಯಾರೂ ಬೈಯಲಿಲ್ಲ. ವಿಮಲಕ್ಕ ಚನ್ನಗಿರಿಗೆ ಬಂದು ಎದ್ದು ನಿಂತು ಓದಿದರು. "ಕರೆಂಟು ಹೋಗಿ ಬಂದರೆ ದಿನ ಬದಲಾಯಿತು ಎಂದುಕೊಂಡಿದ್ದು ವಿಮಲಾಳ ತಪ್ಪು. ಕರೆಂಟು ಹೋಗಿ ಬರುವ ಊರಿನಲ್ಲೇ ಹುಟ್ಟಿ ಬೆಳೆದರೂ ಹಾಗೆ ಅಂದುಕೊಂಡಿದ್ದು ಇನ್ನೂ ದೊಡ್ಡ ತಪ್ಪು." ನೀವು ಎಲ್ಲಿಗೇ ಹೋಗಿ, ಪರದೆ ನೋಡುವ ಮೊದಲು ಒಂದು ಸಲ ಕೋಣೆ ನೋಡಿ.

ನ್ಯಾಮತಿಯ ಕಲ್ಯಾಣ ಮಂಟಪದ್ದು ನಮ್ಮ ಅತಿಜಾಣತನದ ಕತೆ. ಯಾವ ದಿನ ಖಾಲಿ, ಯಾವ ದಿನ ತುಂಬಿದೆ ಎಂದು ಫೋನಿಗೆ ಉತ್ತರ ಕಳಿಸುವ ಪ್ರೋಗ್ರಾಂ ಅದು. ಅಲ್ಲಿನ ಮ್ಯಾನೇಜರ್ ಶಿವಣ್ಣ, "ಆಷಾಢದಾಗೆ ಯಾರೂ ಮದುವೆ ಮಾಡಲ್ಲ, ಬಂದ್ ಮಾಡಿಬಿಡ್ರಿ" ಎಂದರು. ವಿಮಲಕ್ಕ ಬಂದ್ ಮಾಡಿದರು. ಸುಮ್ಮನೆ ಬಂದ್ ಮಾಡಿದ್ದರೆ ಆಗುತ್ತಿತ್ತು. ಆ ತಿಂಗಳು ಯಾರಾದರೂ ಕೇಳಿದರೆ 'ಈ ದಿನ ಶುಭವಲ್ಲ, ಬೇರೆ ದಿನ ನೋಡಿ' ಎಂದು ಒಂದು ಸಾಲನ್ನು ಪ್ರೀತಿಯಿಂದ ಸೇರಿಸಿದರು. ನಾನೂ ಓದಿ ಚೆನ್ನಾಗಿದೆ ಎಂದೆ.

ಆ ಆಷಾಢದಲ್ಲಿ ಊರಿನ ಒಬ್ಬ ಮುಖಂಡರು ಚುನಾವಣೆಗೆ ನಿಲ್ಲುವುದನ್ನು ಜನರಿಗೆ ತಿಳಿಸಲು ಒಂದು ಸಭೆಗೆ ಮಂಟಪ ಕೇಳಿದರು. ಅವರ ಫೋನಿಗೆ, ಈ ದಿನ ಶುಭವಲ್ಲ ಎಂದು ಬಂತು. ಮಾರನೆಯ ದಿನಕ್ಕೆ ಕೇಳಿದರು. ಅದೂ ಶುಭವಲ್ಲ. ನಾಲ್ಕು ದಿನ ಕೇಳಿ ಅವರು ಚುನಾವಣೆಯನ್ನೇ ಕೈಬಿಟ್ಟರು. ಶಿವಣ್ಣ ಓಡಿಬಂದರು.

"ಅಕ್ಕೋರೆ, ಏನು ಮಾಡಿಬಿಟ್ರಿ!"

"ಈಗೇನು, ಸಿಟ್ಟಾಗ್ಯಾರಾ?"

"ಸಿಟ್ಟಾಗಿದ್ರೆ ಚೆಂದಿತ್ತು. ಕಂಪ್ಯೂಟರಿಗೆ ಪಂಚಾಂಗ ಹೇಳೋರು ಯಾರು, ಮನೆಗೆ ಕರಕಂಡು ಬಾ, ಜಾತಕ ತೋರಸಬೇಕು ಅಂತಾರೆ. ನೀವೇ ಬರಬೇಕು."

ವಿಮಲಕ್ಕ ಹೋಗಲಿಲ್ಲ. ನನ್ನನ್ನು ಕಳಿಸಲು ನೋಡಿದರು, ನಾನೂ ಹೋಗಲಿಲ್ಲ. ಆವತ್ತು ಓದಿದ ಸಾಲು, "ಖಾಲಿ ಇದೆಯೋ ಇಲ್ಲವೋ ಎಂದು ಕೇಳಿದವರಿಗೆ ಖಾಲಿ ಇದೆ ಅಥವಾ ಇಲ್ಲ ಎಂದಷ್ಟೇ ಹೇಳಬೇಕಿತ್ತು."

ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ ಒಂದು ಕಾಲುವೆಯ ರೈತರಿಗೆ ನೀರಿನ ಸರದಿ ಪಟ್ಟಿ ಮಾಡುವ ಕೆಲಸವೂ ಬಂದಿತ್ತು. ಎಲ್ಲರೂ ಕೂತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, "ಕಂಪ್ಯೂಟರಿಂದು ಹೊಲ ಎಲ್ಲೈತ್ರಿ?" ಎಂದು ಕೇಳಿದರು.

"ಅದಕ್ಕೆ ಹೊಲ ಇಲ್ಲಜ್ಜ."

"ಬರೆದೋರ್ದು ಎಲ್ಲೈತಿ?"

"ನನಗೂ ಇಲ್ಲ" ಎಂದರು ವಿಮಲಕ್ಕ.

"ಹಂಗಾದ್ರೆ ನಮ್ಮ ಹೊಲದಾಗೆ ಒಂದಿನ ನಿಂತು ಬರೀರಿ. ಕಾಲುವೆ ಕೊನೇದು ನಂದು. ಮೇಲಿನೋರು ಬರೆದ ಪಟ್ಟಿ ಭಾಳ ನೋಡೀನಿ."

ಎಲ್ಲರೂ ನಕ್ಕರು. ವಿಮಲಕ್ಕ ನಗಲಿಲ್ಲ. ಮರುದಿನ ಚಪ್ಪಲಿ ಕೈಯಲ್ಲಿ ಹಿಡಿದು ಆ ಅಜ್ಜನ ಹೊಲದ ಬದುವಿನ ಮೇಲೆ ಮಧ್ಯಾಹ್ನದವರೆಗೂ ನಿಂತರು. ನೀರು ಮೇಲಿನಿಂದ ಅಲ್ಲಿಗೆ ಬರುವುದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಪಟ್ಟಿಯ ಪ್ರಕಾರ ಅಜ್ಜನ ಸರದಿ ಅರ್ಧ ಮುಗಿದಿರುತ್ತಿತ್ತು. ನೀರು ಹೊಲ ಮುಟ್ಟಿದ ಮೇಲೆ ಗಂಟೆ ಶುರುವಾಗುವ ಹಾಗೆ ಅವರು ಪ್ರೋಗ್ರಾಂ ತಿದ್ದಿದರು. ಅವತ್ತಿಂದ ಎಲ್ಲೇ ಕೆಲಸ ಹಿಡಿದರೂ ಮೊದಲು ಕೇಳುತ್ತಿದ್ದ ಪ್ರಶ್ನೆ, "ಇಲ್ಲಿ ಕಾಲುವೆ ಕೊನೇ ಹೊಲ ಯಾರದು?"

ಕೆಲಸದ ರೀತಿ ಬದಲಾಗಿದ್ದನ್ನೂ ಹೇಳುತ್ತೇನೆ. ಮೊದಲು ಪ್ರೋಗ್ರಾಂ ಅನ್ನು ಫ್ಲಾಪಿಯಲ್ಲಿ ಒಯ್ಯುತ್ತಿದ್ದೆ. ಬಸ್ಸಿನ ಬಿಸಿಲಿಗೆ ಅದು ಕೆಡುತ್ತದೆಂದು ಊಟದ ಡಬ್ಬಿಯಲ್ಲಿ ಮೊಸರನ್ನದ ಮೇಲಿನ ತಟ್ಟೆಯಲ್ಲಿ ಇಡುತ್ತಿದ್ದೆ. ಆಮೇಲೆ ಸೀಡಿ ಬಂತು. ಆಮೇಲೆ ಪೆನ್‌ಡ್ರೈವ್. ಒಂದನ್ನು ಅಂಗಿಯ ಜೇಬಲ್ಲೇ ಬಿಟ್ಟು ನನ್ನ ಹೆಂಡತಿ ಒಗೆದು, ಕುಕ್ಕಿ, ಹಿಂಡಿ ಒಣಹಾಕಿದ್ದಳು. ಆದರೂ ಅದು ಓಡಿತು. ತಪ್ಪಿನ ಪುಸ್ತಕದಲ್ಲಿ ವಿಮಲಕ್ಕ 'ನಾಗಣ್ಣನ ಮನೆಯವರು ಪರೀಕ್ಷೆ ಮಾಡಿದ್ದಾರೆ, ಪಾಸು' ಎಂದು ಬರೆದರು. ಈಗ ಒಯ್ಯುವುದೇನೂ ಇಲ್ಲ, ಎಲ್ಲವೂ ಆಕಾಶದಲ್ಲಿ ಹೋಗುತ್ತದೆ. ಹಾಗಾಗಿ ಬಿಳಿಚೋಡಿನ ಬಸ್ಸಿನಲ್ಲಿ ಕೂರುವವರೂ ಕಡಿಮೆಯಾದರು. ಅಲ್ಲಿಗೆ ಹೋಗದೆಯೇ ಅಲ್ಲಿಯದನ್ನು ಬರೆಯಬಹುದು. ಅದು ಒಳ್ಳೆಯದೋ ಅಲ್ಲವೋ, ನನಗೆ ಹೇಳಲು ಬರುವುದಿಲ್ಲ.

ಕೊನೆಯ ವರ್ಷ ರಮ್ಯಾ ಬಂದಳು. ನ್ಯಾಮತಿಯ ಹುಡುಗಿ, ಇಂಜಿನಿಯರಿಂಗ್ ಮುಗಿಸಿದವಳು. ಏನು ಬೇಕೋ ಮಾತಿನಲ್ಲಿ ಹೇಳಿದರೆ ತಾನೇ ಪ್ರೋಗ್ರಾಂ ಬರೆದುಕೊಡುವ ಹೊಸ ಯಂತ್ರಬುದ್ಧಿಯನ್ನು ನಮ್ಮ ಆಫೀಸಿಗೆ ತಂದವಳು ಅವಳೇ. ವಿಮಲಕ್ಕ ಮೂರು ದಿನ ಅದರ ಜೊತೆ ಜಗಳವಾಡಿದರು. ತಪ್ಪು ತೋರಿಸಿದಾಗಲೆಲ್ಲ ಅದು, ಕ್ಷಮಿಸಿ, ನೀವು ಹೇಳಿದ್ದೇ ಸರಿ ಎನ್ನುತ್ತಿತ್ತು. ಮೂರನೆಯ ದಿನ ವಿಮಲಕ್ಕ ಕುರ್ಚಿ ಹಿಂದಕ್ಕೆ ಸರಿಸಿ ಹೇಳಿದರು.

"ಇಪ್ಪತ್ತು ವರ್ಷದಾಗೆ ನಾಗಣ್ಣ ಒಂದಿನಾನೂ ನೀವು ಹೇಳಿದ್ದೇ ಸರಿ ಅನ್ನಲಿಲ್ಲ ನೋಡೇ ರಮ್ಯಾ. ಇದು ಒಂದು ಬೆಳಗ್ಗೆ ಹದಿನೇಳು ಸಲ ಅಂತು."

"ಹಂಗಾದ್ರೆ ಇದೇ ಒಳ್ಳೇದಲ್ವಾ ಮೇಡಂ?"

"ಅಲ್ಲ ಕಣೆ. ಇದು ನನ್ನ ಮಾತು ಕೇಳ್ತೈತೆ. ನಾಗಣ್ಣ ನನ್ನ ಕೆಲಸ ನೋಡ್ತಾರೆ."

ನನ್ನ ಮುಂದೆ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನಾನು ಕೇಳಿಸಲಿಲ್ಲ ಎಂಬ ಹಾಗೆ ಕಿಟಕಿಯಿಂದ ಗೊಬ್ಬರದ ಲಾರಿ ನೋಡುತ್ತಿದ್ದೆ.

ಈಗ ಕುರಿಗೆ ಬರುತ್ತೇನೆ.

ವಿಮಲಕ್ಕ ಹೋದ ಮೇಲೆ ಅವರ ಮನೆಯವರು ಆಫೀಸನ್ನು ರಮ್ಯಾಳಿಗೆ ಬಿಟ್ಟುಕೊಟ್ಟರು. ನನಗೂ ಅರವತ್ತೊಂದು ಆಗಿತ್ತು. ಇನ್ನು ಸಾಕು ಎಂದೆ. ಆದರೆ ಆ ಕುರಿ ಸಿಕ್ಕ ಮೇಲೆ ಹೋಗುತ್ತೇನೆ ಎಂದೂ ಹೇಳಿದೆ. ವಿಮಲಕ್ಕ ಎರಡು ನಿಮಿಷದಲ್ಲಿ ಏನು ಕಂಡು ಅಷ್ಟು ನಕ್ಕರು ಎಂದು ತಿಳಿಯದೆ ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅತ್ತ ಕೆಂಚಪ್ಪನವರ ಚೀಟಿಯೂ ನಿಂತಿತ್ತು.

ರಮ್ಯಾ ಒಂದು ವಾರ ಪ್ರೋಗ್ರಾಂ ಓದಿದಳು. ತನ್ನ ಯಂತ್ರಬುದ್ಧಿಗೂ ಓದಿಸಿದಳು. ಅದು, ಕೂಡುವುದರಲ್ಲಿ ತಪ್ಪೇನೂ ಇಲ್ಲ ಎಂದಿತು. ಒಂದೇ ಕುರಿ ಎರಡು ಸಲ ಬಂದಿರಬಹುದೆಂದು ಕಿವಿ ಬಿಲ್ಲೆಯ ನಂಬರುಗಳನ್ನೆಲ್ಲ ತಾಳೆ ನೋಡಿದಳು. ಯಾವುದೂ ಎರಡು ಸಲ ಇರಲಿಲ್ಲ.

"ಅಂಕಲ್, ಕುರಿಗಳನ್ನೇ ಇನ್ನೊಂದ್ಸಲ ಎಣಿಸಿಬಿಡೋಣ. ಅವರೇ ತಪ್ಪಿರಬಹುದು."

ಬಿಳಿಚೋಡಿಗೆ ಹೋದೆ. ಬೆಳಗಿನ ಹೊತ್ತು ಕೆಂಚಪ್ಪ ಕುರಿ ರೊಪ್ಪದ ಬಾಗಿಲು ಸ್ವಲ್ಪವೇ ತೆರೆದು ಕುರಿಗಳನ್ನು ಹೊರಗೆ ಬಿಡುತ್ತಿದ್ದರು. ನಾನು ಬೆರಳು ಮಡಚುತ್ತ ನಿಂತೆ. ನಲವತ್ತರ ಹತ್ತಿರ ಎರಡು ಮರಿ ಒಟ್ಟಿಗೆ ನುಗ್ಗಿ ನನ್ನ ಲೆಕ್ಕ ತಪ್ಪಿತು.

"ಅಕ್ಕೋರು ಹೋಗಿಬಿಟ್ರಂತೆ" ಎಂದರು ಕೆಂಚಪ್ಪ, ಕುರಿಗಳ ಮೇಲಿಂದ ಕಣ್ಣು ತೆಗೆಯದೆ.

"ಹೂಂ."

"ಒಂದ್ಸಲ ಬಂದಿದ್ರು. ಕುರಿ ಹಾಲಿನ ಚಾ ಕುಡಿದ್ರು. ಭಾಳ ನಗಿಸಿದ್ರು." ಒಂದು ಮರಿಯನ್ನು ಬಾಗಿಲಿಂದಾಚೆ ದಬ್ಬಿ ಕೇಳಿದರು, "ನೀವೇನು ಬೆರಳು ಮಡಚಾಕೆ ಹತ್ತೀರಿ ಮೇಷ್ಟ್ರೆ?"

"ಎಣಸ್ತಿದ್ದೆ. ತಪ್ಪೋತು."

"ನಾವು ಹಿಂಗೆ ಎಣಿಸಲ್ಲ. ಮುಖ ನೋಡ್ತೀವಿ. ಯಾವ ಮುಖ ಇವತ್ತು ಬರಲಿಲ್ಲ ಅಂತ ಗೊತ್ತಾಗ್ತೈತೆ." ಕೊನೆಯ ಕುರಿ ಹೊರಬಂದ ಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದರು. "ಒಂದು ಮಾತು ಕೇಳ್ತೀನಿ. ನಿಮ್ಮ ಕಂಪ್ಯೂಟರಿನಾಗೆ ಅರವತ್ತೈದು ಐತೆ ಅಂತೀರಲ್ಲ. ಆ ಅರವತ್ತೈದನೇದರ ಮುಖ ಹೆಂಗೈತೆ? ಅದನ್ನ ಹೇಳ್ರಿ. ನಂದೋ ಅಲ್ವೋ ನಾನು ಹೇಳ್ತೀನಿ."

ಮೂರು ವಾರದಿಂದ ನಾವು ಯಾರೂ ಕೇಳಿಕೊಳ್ಳದೆ ಇದ್ದ ಪ್ರಶ್ನೆ ಅದು. ನಾವು ಅಂಕಿ ನೋಡುತ್ತಿದ್ದೆವು, ನಂಬರು ನೋಡುತ್ತಿದ್ದೆವು, ಕುರಿ ನೋಡುತ್ತಿರಲಿಲ್ಲ. ಅಲ್ಲೇ ಬೇವಿನ ಮರದ ಕೆಳಗೆ ನಿಂತು ರಮ್ಯಾಳಿಗೆ ಫೋನ್ ಮಾಡಿದೆ. ಒಂದೊಂದೇ ಕುರಿಯ ಬಣ್ಣ, ಗುರುತು ಓದು ಎಂದೆ. ಫೋನನ್ನು ಕೆಂಚಪ್ಪನವರಿಗೂ ಕೇಳುವ ಹಾಗೆ ಹಿಡಿದೆ.

"ಕರಿ, ಹಣೆಯಲ್ಲಿ ಬಿಳಿ ಮಚ್ಚೆ" ಎಂದಳು ರಮ್ಯಾ.

"ನಂದೇ. ಅಗಾ, ಮುಂದೆ ಹೊಂಟೈತೆ."

"ಕಂದು, ಎಡಕಿವಿ ಸೀಳಿದೆ."

"ನಂದೇ. ನಾಯಿ ಹಿಡಿದಿತ್ತು."

ಹೀಗೆ ನಲವತ್ತೆಂಟು ಕುರಿ ಬಂದವು. ನಲವತ್ತೊಂಬತ್ತನೆಯದಕ್ಕೆ ರಮ್ಯಾ ಓದುವುದನ್ನು ನಿಲ್ಲಿಸಿದಳು.

"ಯಾಕಮ್ಮ? ಬಣ್ಣ ಏನೈತೆ?"

"ಅಂಕಲ್..." ಎಂದಳು. "ನೇರಳೆ."

ಕೆಂಚಪ್ಪ ನನ್ನ ಮುಖ ನೋಡಿದರು. "ಅಂಥಾದ್ದು ನಮ್ಮ ಇಡೀ ಸೀಮೆಯಾಗೇ ಇಲ್ಲ ಮೇಷ್ಟ್ರೆ!"

ನನಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಪ್ರೋಗ್ರಾಂ ಹಾಕಿಕೊಡಲು ಬಂದಿದ್ದ ದಿನ ಇದೇ ಮರದ ಕೆಳಗೆ ಕೂತು, ಕೆಂಚಪ್ಪನವರ ಫೋನಿನಲ್ಲಿ ಒಂದು ಸುಳ್ಳು ಕುರಿ ಬರೆದು ಪರೀಕ್ಷೆ ಮಾಡಿದ್ದೆ. ಅಷ್ಟರಲ್ಲಿ ದಾವಣಗೆರೆ ಬಸ್ಸಿನ ಹಾರನ್ ಕೇಳಿತು. ಫೋನು ಅವರ ಕೈಗಿಟ್ಟು ಓಡಿದ್ದೆ. ಅಳಿಸಲಿಲ್ಲ. ಮೂರು ತಿಂಗಳಿಂದ ನನ್ನ ನೇರಳೆ ಕುರಿ ಕೆಂಚಪ್ಪನವರ ಹಿಂಡಿನಲ್ಲಿ ಲಸಿಕೆ ಇಲ್ಲದೆ ಮೇಯುತ್ತಿತ್ತು.

ವಿಮಲಕ್ಕ ನಕ್ಕಿದ್ದು ಇದನ್ನು ಕಂಡು. ಒಳ್ಳೆ ಅಂಗಿ ಹಾಕಿಕೊಂಡು ಬನ್ನಿ ಎಂದಿದ್ದು ಇದಕ್ಕೆ. ರಮ್ಯಾ ಇರುವಾಗಲೇ ಹೇಳುತ್ತೇನೆ ಎಂದಿದ್ದೂ ಇದಕ್ಕೇ. ಇಪ್ಪತ್ತೊಂದು ವರ್ಷ ಕಾದ ದಿನ ಸಿಕ್ಕಿತ್ತು ಅವರಿಗೆ.

ನಾನು ಕೆಂಚಪ್ಪನವರಿಗೆ ಕೈಮುಗಿದೆ. ತಪ್ಪು ನಂದೇ ಎಂದೆ.

"ಅಯ್ಯ, ಬಿಡ್ರಿ. ಸಂಘದಾಗೆ ಎಲ್ಲರ ಮುಂದೆ ಹೇಳ್ರಿ, ಅಷ್ಟೇ ಸಾಕು. ಅಟ್ಟದ ಮ್ಯಾಲಿನ ಕುರಿ ಮೇಷ್ಟ್ರುದು ಅಂತ."

ಹಾಗೇ ಹೇಳಿದೆ. ಸಂಘದವರು ಹೊಟ್ಟೆ ಹಿಡಿದು ನಕ್ಕರು. ಕೆಂಚಪ್ಪನವರಿಗೆ ಅವತ್ತೇ ಚೀಟಿ ಸಿಕ್ಕಿತು. ಕೊಯ್ಲಿನ ಹೊತ್ತಿಗೆ ಹಿಂಡು ಹೊಡೆದುಕೊಂಡು ನಮ್ಮ ಕಡೆಗೇ ಬಂದರು. ಈಗಲೂ ಫೋನ್ ಮಾಡಿದರೆ ಮೊದಲು, "ನಿಮ್ಮ ನೇರಳೆ ಮರಿ ಹಾಕಿತಾ?" ಎಂದು ಕೇಳುತ್ತಾರೆ.

ಮರುದಿನ ಬೆಳಿಗ್ಗೆ ಅದೇ ಕೆನೆ ಬಣ್ಣದ ಅಂಗಿ ಹಾಕಿಕೊಂಡು ಆಫೀಸಿಗೆ ಹೋದೆ. ರಮ್ಯಾ ತನ್ನ ಜಾಗದಲ್ಲಿ ಕೂತಿದ್ದಳು. ವಿಮಲಕ್ಕನ ಕುರ್ಚಿಯನ್ನು ಅವಳು ಇನ್ನೂ ಬಳಸುತ್ತಿರಲಿಲ್ಲ. ಕೀಬೋರ್ಡಿನ ಪಕ್ಕದಲ್ಲಿ ಪೇಪರ್ ಹಾಗೇ ಇತ್ತು. ನಾನು ತಪ್ಪಿನ ಪುಸ್ತಕ ತೆಗೆದು ಆ ಸಾಲಿನ ಕೆಳಗೆ ಕಾರಣ ಬರೆದೆ. ಆಮೇಲೆ ಆ ಕುರ್ಚಿಯ ಮುಂದೆ ಎದ್ದು ನಿಂತು, ಕೈಕಟ್ಟಿ, ಗಟ್ಟಿಯಾಗಿ ಓದಿದೆ.

"ಬಿಳಿಚೋಡು, ಕೆಂಚಪ್ಪ, ಒಂದು ಕುರಿ ಹೆಚ್ಚು. ಪರೀಕ್ಷೆಗೆ ಬರೆದ ಕುರಿಯನ್ನು ಅಳಿಸದೆ ಬಸ್ಸಿಗೆ ಓಡಿದ್ದು. ಇದು ನಾಗರಾಜನ ತಪ್ಪು."

ರಮ್ಯಾ ಮೊದಲು ನಕ್ಕಳು, ಆಮೇಲೆ ಮುಖ ಆ ಕಡೆ ತಿರುಗಿಸಿದಳು. ಡ್ರಾಯರಿನಿಂದ ಹಸಿರು ಪೆನ್ನು ತೆಗೆದು, "ಅಂಕಲ್, ನಾನು ಹಾಕ್ಲಾ?" ಎಂದಳು.

ಮುಂದಿನ ಪುಟದಿಂದ ನೀನೇ ಹಾಕಮ್ಮ ಎಂದೆ. ಅವಳು ಹಾಕುತ್ತಿದ್ದಾಳೆ. ಈಗ ಹೊಸ ನೋಟ್‌ಬುಕ್ಕೂ ಶುರುವಾಗಿದೆಯಂತೆ. ಹಳೆಯದನ್ನು ನನಗೆ ಕೊಟ್ಟಿದ್ದಾಳೆ, ಮನೆಯಲ್ಲಿದೆ. ಕುರಿಯ ಸಾಲಿನ ಮುಂದೆ ಹಸಿರು ಗುರುತು ಇಲ್ಲ.